ತಂಗೆವ್ವನ ಮನೆಯ ಎದುರುಮಾತು

ನಮ್ಮ ಊರಿನಲ್ಲಿ ಮನೆ ಕಟ್ಟಬೇಕೆನ್ನುವವರು ಇಟ್ಟಿಗೆಗೆ ಹೇಳುವ ಮೊದಲು ತಮ್ಮ ಮಾತನ್ನು ಒಪ್ಪದ ಒಬ್ಬ ಮನುಷ್ಯನನ್ನು ಹುಡುಕಿಕೊಳ್ಳುತ್ತಾರೆ. ಒಂದೇ ಮನಸ್ಸಿನವರಷ್ಟೇ ಕೂಡಿ ಬಾಳುವ ಮನೆಯ ನೆಲ ನಮ್ಮಲ್ಲಿ ನಿಲ್ಲುವುದಿಲ್ಲ, ಇಳಿಯುತ್ತದೆ. ವಾರಕ್ಕೆ ಹೆಬ್ಬೆರಳಿನ ದಪ್ಪದಷ್ಟು ಇಳಿಯಬಹುದು. ತುಂಬ ಒಗ್ಗಟ್ಟಿನ ಮನೆಯಾದರೆ ಇನ್ನೂ ಬೇಗ. ಒಪ್ಪದವರೊಬ್ಬರು ದಿನಕ್ಕೊಮ್ಮೆ ಬಂದು ಕೂತು, ಒಪ್ಪುವುದಿಲ್ಲವೆಂದು ಹೇಳಿ ಹೋದರೆ ಸಾಕು, ನಿಲ್ಲುತ್ತದೆ. ಅಂಥವರನ್ನು ಮನೆಯ ಎದುರಿನವರು ಎನ್ನುತ್ತೇವೆ. ಮದುವೆಯ ಕರೆ ನೆಂಟರಿಗಿಂತ ಮೊದಲು ಅವರಿಗೆ ಹೋಗುತ್ತದೆ. ಅವರಿಗೆ ಜ್ವರ ಬಂದರೆ ಗಂಜಿ ಮಾಡಿಕೊಂಡು ಓಡುವವರು ನಾವೇ. ಅವರು ಊರು ಬಿಟ್ಟು ಹೊರಟರೆ ಬಸ್ಸಿನ ತನಕ ಹೋಗಿ, ಬೇಗ ಬನ್ನಿ ಎಂದು ಕೈಮುಗಿಯುತ್ತೇವೆ.

ನಾನು ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನೆಲ ಯಾಕೆ ಇಳಿಯುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಷ್ಟು ಇಳಿಯಿತು ಎಂದು ಕೇಳಿದರೆ ಗಾರೆಯವರ ರಸಮಟ್ಟವನ್ನು ಇಟ್ಟು, ಅದರೊಳಗಿನ ಗುಳ್ಳೆ ಯಾವ ಕಡೆ ಸರಿಯಿತೆಂದು ನೋಡಿ ಹೇಳಬಲ್ಲೆ. ಮನೆಮನೆಗೂ ತನ್ನದೇ ಆದ ಮಾತೊಂದು ಇತ್ತು. ಒಂದು ಮನೆಯದು ದೇವರಿದ್ದಾನೋ ಇಲ್ಲವೋ. ಇನ್ನೊಂದು ಮನೆಯದು ಮಕ್ಕಳನ್ನು ಹೊಡೆದು ಬೆಳೆಸಬೇಕೋ ಬೇಡವೋ. ನಮ್ಮ ಓಣಿಯ ಕ್ಷೌರದಂಗಡಿಯಂತೂ ಬೆಲ್ಲದ ಚಹಾ ಮೇಲೋ ಸಕ್ಕರೆಯ ಚಹಾ ಮೇಲೋ ಎಂಬುದರ ಮೇಲೆ ಅಜ್ಜನ ಕಾಲದಿಂದಲೂ ಅಲುಗದೆ ನಿಂತಿತ್ತು.

ತಂಗೆವ್ವನ ಖಾನಾವಳಿ ನಿಂತಿದ್ದದ್ದು ಒಡ್ಡಿನ ಮಾತಿನ ಮೇಲೆ. ಊರಿನ ಮೇಲ್ಭಾಗದಲ್ಲಿ ಹೊಳೆಗೆ ಅಡ್ಡವಾಗಿ ಹಳೆಯದೊಂದು ಕಲ್ಲಿನ ಒಡ್ಡು ಇತ್ತು. ಅದರ ಹಿಂದೆ ನಿಂತ ನೀರಿನ ದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವವರ ಓಣಿ. ಒಡ್ಡಿನ ಕೆಳಗೆ ಖಾನಾವಳಿಯ ಓಣಿ, ಅಲ್ಲಿ ಎಲ್ಲರೂ ನೀರು ಸೇದುವ ಒಂದು ಬಾವಿ. ಒಡ್ಡು ಒಡೆದು ಹೊಳೆಯನ್ನು ಹರಿಯಬಿಡಬೇಕು, ಇಲ್ಲದಿದ್ದರೆ ಬಣ್ಣದ ನೀರು ನಿಂತು ಕೊಳೆತು ನಮ್ಮ ಬಾವಿಗೆ ಇಳಿಯುತ್ತದೆ ಎನ್ನುವವಳು ತಂಗೆವ್ವ. ಒಡ್ಡು ಇರಲೇಬೇಕು, ನಿಂತ ನೀರಿಲ್ಲದೆ ಬಣ್ಣದ ಕೆಲಸ ನಡೆಯದು ಎನ್ನುವವನು ಅವಳ ಮನೆಯ ಎದುರಿನವನಾದ ಅಡಿವೆಪ್ಪ. ಬಣ್ಣದ ಓಣಿಯಲ್ಲಿ ಅವನದೇ ದೊಡ್ಡ ಅಂಗಳ, ದೊಡ್ಡ ಕಡಾಯಿ. ಮಧ್ಯಾಹ್ನದ ಊಟದವರೆಲ್ಲ ಎದ್ದ ಮೇಲೆ ಅವನು ಬರುತ್ತಿದ್ದ, ಮೊಣಕೈತನಕ ಕೆಂಪೋ ನೀಲಿಯೋ ಮೆತ್ತಿಕೊಂಡು.

"ಬರ್ರಿ ಬಣ್ಣದ ಸಾವಕಾರ್ರ, ಇವತ್ತ ಯಾವ ಸುಳ್ಳು ತಂದೀರಿ?" ಎನ್ನುತ್ತಿದ್ದಳು ತಂಗೆವ್ವ.

"ಮದಲ ರೊಟ್ಟಿ ಹಾಕು. ಹಸದ ಹೊಟ್ಟಿಲೆ ಖರೇ ಹೇಳಾಕೂ ಆಗೂದಿಲ್ಲ, ಸುಳ್ಳು ಹೇಳಾಕೂ ಆಗೂದಿಲ್ಲ."

"ಒಡ್ಡಿನ ನೀರು ನಾರತೈತಿ ಅಡಿವೆಪ್ಪಣ್ಣ. ಮೂಗು ಐತಿಲ್ಲೊ ನಿನಗ?"

"ನಾರಾಕ ನೀರರ ಐತಿ. ನೀ ಹರಿಯಾಕ ಬಿಟ್ಟಿ ಅಂದ್ರ ನಾರಾಕೂ ಉಳಿಯೂದಿಲ್ಲ."

ನಾನು ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತ ಇದನ್ನೆಲ್ಲ ಕೇಳುತ್ತಿದ್ದೆ. ಒಡ್ಡಿನ ವಿಚಾರದಲ್ಲಿ ನಾನು ತಂಗೆವ್ವನ ಕಡೆಯವನು. ಆದರೆ ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅವಳ ವಾದದಿಂದಲ್ಲ, ಇನ್ನೊಂದು ರೀತಿಯಿಂದ. ಅಡಿವೆಪ್ಪ ಎದ್ದು ಹೋದ ಮೇಲೆ ಯಾರಾದರೂ ಅವನ ಮಾತನ್ನು ಹಿಡಿದು ನಕ್ಕರೆ ಅವಳು ಸುಮ್ಮನಿರುತ್ತಿರಲಿಲ್ಲ. "ಅವ ಇದ್ದಾಗ ಅನ್ನು. ಈಗ ಅಂದ್ರ ಉತ್ತರ ನಾ ಕೊಡಬೇಕಾಗ್ತೈತಿ," ಎನ್ನುತ್ತಿದ್ದಳು. ಅಷ್ಟಕ್ಕೆ ಬಿಡದೆ, ಅವನು ಕೊಡುತ್ತಿದ್ದ ಉತ್ತರವನ್ನು ಅವನಿಗಿಂತ ಚೆನ್ನಾಗಿ ಕೊಟ್ಟೂ ಬಿಡುತ್ತಿದ್ದಳು. ನಕ್ಕವನು ತಲೆ ಕೆರೆದುಕೊಂಡು ಹೋಗುತ್ತಿದ್ದ.

ಆ ವರ್ಷ ಒಡ್ಡು ಬಿರುಕು ಬಿಟ್ಟಿತು. ಕಟ್ಟಿಸಬೇಕು, ಇಲ್ಲವೇ ಒಡೆಯಬೇಕು; ಮಳೆಗಾಲಕ್ಕೆ ಮೊದಲು ಊರು ಕೂಡಿ ಮತ ಹಾಕಿ ತೀರ್ಮಾನಿಸಬೇಕು ಎಂದಾಯಿತು. ಅಲ್ಲಿಂದ ಊರಿನ ಎಲ್ಲ ಮನೆಗಳ ಮಾತೂ ಒಂದೇ ಆಯಿತು. ದೇವರ ಮಾತು, ಚಹಾದ ಮಾತು, ಮಕ್ಕಳ ಮಾತು ಎಲ್ಲ ಹಿಂದೆ ಸರಿದು, ನೀನು ಒಡ್ಡಿನವನೋ ಹರಿವಿನವನೋ ಎಂಬುದಷ್ಟೇ ಉಳಿಯಿತು. ಚಹಾದ ಬಗ್ಗೆ ಜಗಳವಾಡುತ್ತಿದ್ದ ಇಬ್ಬರೂ ಹರಿವಿನವರೆಂದು ಗೊತ್ತಾಗಿ ತಬ್ಬಿಕೊಂಡರು. ಮರುವಾರ ಕ್ಷೌರದಂಗಡಿಯ ಕನ್ನಡಿ ಓರೆಯಾಯಿತು. ಆಮೇಲೆ ಎರಡೂ ಕಡೆಯ ಮುಂದಾಳುಗಳು ಒಂದೇ ಆಜ್ಞೆ ಹೊರಡಿಸಿದರು: ನಮ್ಮವರು ಯಾರೂ ಅವರ ಮನೆಯ ಹೊಸ್ತಿಲು ತುಳಿಯಕೂಡದು, ಅವರನ್ನು ತುಳಿಯಗೊಡಲೂ ಕೂಡದು.

ಹರಿವಿನವರ ಮುಂದಾಳು ವಿರುಪಾಕ್ಷಿ, ತಂಗೆವ್ವನ ಅಕ್ಕನ ಮಗ. ಬುದ್ಧಿವಂತ, ಮಾತುಗಾರ, ಬಯಲಿನಲ್ಲಿ ಸಭೆ ಕೂಡಿಸುವುದರಲ್ಲಿ ಗಟ್ಟಿಗ. ಒಂದೇ ಮನಸ್ಸಿನ ನೂರಾರು ಜನ ಒಂದೆಡೆ ಕೂಡಿದರೆ ನೆಲ ವಾರಗಟ್ಟಲೆ ಕಾಯುವುದಿಲ್ಲ, ಹಾಲು ಕಾಯುವಷ್ಟು ಹೊತ್ತಿನಲ್ಲಿ ಜನರ ಸಮೇತ ತಗ್ಗಿಬಿಡುತ್ತದೆ. ಹಿಂದೆ ಅದು ನಾಚಿಕೆಯ ಸಂಗತಿಯಾಗಿತ್ತು. ವಿರುಪಾಕ್ಷಿ ಅದನ್ನೇ ಹೆಮ್ಮೆ ಮಾಡಿದ. "ನಿನ್ನೆ ನಮ್ಮ ಸಭಾ ಮೊಣಕಾಲು ಮುಟ್ಟೇತಿ, ಅವರದು ಮೀನಖಂಡ ದಾಟಿಲ್ಲ," ಎಂದು ಹುಡುಗರು ಬೀದಿಯಲ್ಲಿ ಕೂಗಿಕೊಂಡು ಓಡಾಡಿದರು. ಒಡ್ಡಿನವರು ಪೇಟೆಯ ಬಯಲಿನಲ್ಲಿ ಸಭೆ ಮಾಡಿ ತೊಡೆಯ ತನಕ ಇಳಿದರು. ಊರ ತುಂಬ ತಗ್ಗುಗಳಾದವು. ದನ ಬಿದ್ದವು, ಸೈಕಲ್ಲಿನವರು ಬಿದ್ದರು. ಇದು ಅವರ ತಗ್ಗು, ಇದು ನಮ್ಮದು ಎಂದು ಜನ ಬೆರಳು ಮಾಡಿ ತೋರಿಸಿದರು.

ಮನೆಗಳೂ ಇಳಿಯತೊಡಗಿದವು. ಕೆಲವರು ಪಕ್ಕದ ಊರಿನಿಂದ ಕೂಲಿಗೆ ಎದುರಿನವರನ್ನು ಕರೆಸಿದರು. ಅವರು ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತು "ಒಪ್ಪಂಗಿಲ್ಲ, ಒಪ್ಪಂಗಿಲ್ಲ" ಎಂದು ಸಂಜೆತನಕ ಅಂದು ಹೋದರು. ನೆಲ ಅದಕ್ಕೆ ಮೋಸ ಹೋಗಲಿಲ್ಲ. ನಮ್ಮ ಕಾಲೇಜಿನ ಗುಮಾಸ್ತ ಮತ್ತು ಅವನ ಹೆಂಡತಿ ಚೀಟಿ ಎತ್ತಿ, ಅವಳು ಒಡ್ಡಿನವಳಾಗುವುದೆಂದು ಮಾತಾಡಿಕೊಂಡರು. ಸುಳ್ಳು ಜಗಳ ಯಾವಾಗ ನಿಜವಾಯಿತೋ, ಅವಳು ತವರಿಗೆ ನಡೆದಳು. ಒಬ್ಬನೇ ಉಳಿದ ಗುಮಾಸ್ತನ ಮನೆ ಎರಡು ಪಟ್ಟು ವೇಗದಲ್ಲಿ ಇಳಿಯಿತು.

ತಂಗೆವ್ವನ ಖಾನಾವಳಿ ಮಾತ್ರ ಸಮವಾಗಿತ್ತು. ಅಡಿವೆಪ್ಪ ತನ್ನವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ದಿನವೂ ಬರುತ್ತಿದ್ದ. ಊಟಕ್ಕೆ ಬರುವವರು ಈಗ ಹರಿವಿನವರಷ್ಟೇ. ಅವರು ಎದ್ದ ಮೇಲೆ ಅವನು ಬಂದು ಒಡ್ಡಿನ ಪರವಾಗಿ ಗುಡುಗಿ ಹೋಗುತ್ತಿದ್ದ. ಹಾಗಾಗಿ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ತಟ್ಟೆಯ ಸಾರು ಅನ್ನವನ್ನು ಬಿಟ್ಟು ಬಾಗಿಲ ಕಡೆಗೆ ಹರಿದಾಗ ಅದು ತಟ್ಟೆಯ ದೋಷವೆಂದುಕೊಂಡೆ. ಬೇರೆ ತಟ್ಟೆ ಕೇಳಿದೆ. ಅದರಲ್ಲೂ ಹರಿಯಿತು. ಮನೆಗೆ ಹೋಗಿ ರಸಮಟ್ಟ ತಂದು ಹೊಸ್ತಿಲ ಬಳಿ ಇಟ್ಟೆ. ಗುಳ್ಳೆ ಗೆರೆ ದಾಟಿ ಒಳಗಿನ ಕಡೆಗೆ ಸರಿದು ನಿಂತಿತು.

"ಸರಿಯಾಗಿ ಹಿಡೀರಿ ಸರ," ಎಂದಳು ತಂಗೆವ್ವ. ತಿರುಗಿಸಿ ಹಿಡಿದೆ. ಅದೇ.

ಅವಳು ಒಲೆಯ ಕಡೆ ನೋಡಿದಳು. ಅಲ್ಲಿ ರೊಟ್ಟಿ ಬಡಿಯುವ ನಾಲ್ವರು ಹೆಣ್ಣುಮಕ್ಕಳು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಮಳೆ ಶುರುವಾಗುವ ಮೊದಲು ಹೊಸ್ತಿಲು ಬೀದಿಯ ಗಟಾರಕ್ಕಿಂತ ಕೆಳಗಿಳಿದರೆ ಇಡೀ ಓಣಿಯ ನೀರು ಒಳಗೆ ಬರುತ್ತದೆ. ಮಣ್ಣಿನ ಗೋಡೆ ಒಂದು ಮಳೆಯನ್ನೂ ತಾಳುವುದಿಲ್ಲ. ಆ ಮನೆ ಹೋದರೆ ಅವಳಿಗೂ ಆ ನಾಲ್ವರಿಗೂ ಬೇರೆ ನೆಲೆಯಿಲ್ಲ.

ಅಷ್ಟರಲ್ಲಿ ಅಡಿವೆಪ್ಪ ಬಂದ. ಕೂರುವ ಮೊದಲೇ ಶುರು ಮಾಡಿದ: ಒಡ್ಡು ಒಡೆಯುವವರ ಕೈ ಸೇದಿ ಹೋಗಲಿ, ಒಡ್ಡು ಹಿರಿಯರ ಆಸ್ತಿ, ಒಡ್ಡು ಊರಿನ ಬೆನ್ನೆಲುಬು. ದನಿ ಮಾಡಿಗೆ ಬಡಿಯುತ್ತಿತ್ತು. ತಂಗೆವ್ವ ಅವನ ಮುಂದೆ ತಟ್ಟೆ ಇಟ್ಟು, ಎದುರಿಗೆ ಕೂತಳು.

"ಅಣ್ಣಾ, ನೀ ಮದಲ ಇಷ್ಟು ಒದರತಿರಲಿಲ್ಲ. ಯಾವಾಗಿಂದ?"

ಅಡಿವೆಪ್ಪ ನನ್ನ ಕೈಯಲ್ಲಿದ್ದ ರಸಮಟ್ಟ ನೋಡಿದ. ತಟ್ಟೆ ಪಕ್ಕಕ್ಕೆ ಸರಿಸಿ, "ಮೊನ್ನಿ ಅಮಾಸಿ ಮುಂದ," ಎಂದ. "ನೀ ಇಲ್ಲದಾಗ ನಿಮ್ಮ ಬಾವ್ಯಾಗ ಕೊಡ ಬಿಟ್ಟೆ. ನೀ ಹೇಳೂದು ಸುಳ್ಳು ಅಂತ ತೋರಸಬೇಕು ಅಂತನ ಬಿಟ್ಟೆ. ಮ್ಯಾಲ ಬಂದ ನೀರಿನಾಗ ನಾ ಕುದಿಸಿದ ಕೆಂಪು ಇತ್ತು ತಂಗೆವ್ವ. ನನ್ನ ಕೈಯಾಗಿನ ಬಣ್ಣ ನನಗ ಗುರ್ತು ಸಿಗೂದಿಲ್ಲೇನು? ಅವತ್ತಿಂದ ಎಷ್ಟು ದೂಡಿದ್ರೂ ಮನಸಿನಾಗಿಂದ ಹೋಗವಲ್ದು. ಒಡ್ಡು ಒಡೀಬೇಕು."

"ಹೇಳಬಾರದಿತ್ತೇನೋ ಅಣ್ಣಾ?"

"ಹೇಳಿದ್ರ ನಮ್ಮ ಓಣ್ಯಾಗ ನನ್ನ ಉಳಸ್ತಾರೇನು? ಅದು ಹೋಗಲಿ. ನಿನ್ನ ಮನಿಗೆ ಎದುರಿನವ್ರು ಯಾರು ಬರ್ತಾರ ಈ ದಿನದಾಗ?"

"ಹೇಳಲಿಲ್ಲಂದ್ರೂ ಮನಿ ಇಳಿಯಾಕತ್ತೇತಲ್ಲೊ."

"ಜೋರಾಗಿ ಒದರಿದ್ರ ನಿಲ್ಲತೈತಿ ಅಂದ್ಕೊಂಡೆ," ಎಂದು ಅಡಿವೆಪ್ಪ ತಲೆ ತಗ್ಗಿಸಿದ.

ಬೇರೆ ಯಾರೇ ಆಗಿದ್ದರೂ ಆ ಗಳಿಗೆಯಲ್ಲಿ ಎದ್ದು ಕುಣಿಯುತ್ತಿದ್ದರು. ಅಷ್ಟು ವರ್ಷ ವಾದಿಸಿದ ಎದುರಾಳಿ ಸೋತು, ತನ್ನ ಬಾಯಿಂದಲೇ ಸೋತೆನೆಂದಿದ್ದ. ಬಣ್ಣದ ಓಣಿಯ ದೊಡ್ಡ ಕಡಾಯಿಯವನೇ ಹರಿವಿನ ಕಡೆ ಬಂದನೆಂದು ವಿರುಪಾಕ್ಷಿಯ ಕಿವಿಗೆ ಬಿದ್ದರೆ ಮತ ಅಲ್ಲಿಗೇ ಮುಗಿಯುತ್ತಿತ್ತು. ತಂಗೆವ್ವ ನನ್ನ ಕಡೆ ತಿರುಗಿ, "ಸರ, ಈ ಮಾತು ಈ ಕ್ವಾಣಿ ದಾಟಬಾರದು," ಎಂದಳು. ಆಮೇಲೆ ಅಡಿವೆಪ್ಪನಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ವಿರುಪಾಕ್ಷಿ ಬಂದ. "ಚಿಗವ್ವ, ಕಡೀ ಸಭಾ ನಿನ್ನ ಖಾನಾವಳ್ಯಾಗ, ಶನಿವಾರ ಮಧ್ಯಾಹ್ನ. ಊರಾಗ ಸಮಾ ಇದ್ದ ಜಾಗಾ ಇದೊಂದ ಉಳದೈತಿ."

"ಸಮಾ ಇದ್ದದ್ದನ್ನ ಯಾಕೋ ತಗ್ಗ ಮಾಡ್ತಿ?"

"ಸ್ವಂಟದ ಮಟಾ ಇಳೀಬೇಕು. ಅದನ್ನ ಕೇಳಿನ ಒಡ್ಡಿನವ್ರು ಕೈ ಚೆಲ್ಲಬೇಕು. ಗೆದ್ದ ಮ್ಯಾಲ ನಿನಗ ಹೊಸಾ ಮನಿ ಕಟ್ಟಿಸಿ ಕೊಡ್ತೀವಿ, ಚಿಂತಿ ಮಾಡಬ್ಯಾಡ."

"ನಾ ಒಲ್ಲೆ ಅಂದ್ರ?"

"ಒಡ್ಡು ಒಡೀಬೇಕು ಅಂತ ನಮಗೆಲ್ಲಾ ಕಲಿಸಿದಾಕಿ ನೀನ. ನೀ ಒಲ್ಲೆ ಅಂದ್ರ ಮಂದಿ ಏನಂದಾರು?" ಎಂದು ನಗುತ್ತ ಅವಳ ಕೈಯಿಂದ ಚಹಾ ಇಸಿದುಕೊಂಡ. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ಅವನು ಹೋದ ಮೇಲೆ ತಂಗೆವ್ವ ಸೆರಗು ಹೊದ್ದು ಹೊರಟಳು. ಎಲ್ಲಿಗೆ ಎಂದು ಕೇಳಿದೆ. "ಬಣ್ಣದ ಓಣಿಗೆ. ನನ್ನ ಎದುರಿನವ ಸೋತಾನ ಸರ. ಅವನ ಕಡೆ ಅವ ಹೇಳದ ಬಿಟ್ಟದ್ದು ಇನ್ನೂ ಏನರ ಇದ್ದೀತು. ಹುಡುಕಿ ತಂದು ಅವನ ಕೈಯಾಗ ಕೊಡಬೇಕು." ಎದುರಾಳಿಗೆ ಬೇಕಾದ ಆಯುಧ ತರಲು ಹೋಗುವವರನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಜೊತೆಗೆ ಹೋದೆ.

ಬಣ್ಣದ ಓಣಿಯಲ್ಲಿ ನಮ್ಮನ್ನು ಕಂಡು ಎರಡು ಬಾಗಿಲು ಮುಚ್ಚಿದವು. ನಿಂತ ನೀರಿನ ದಂಡೆಯಲ್ಲಿ ನೂಲು ಜಾಲಿಸುತ್ತಿದ್ದ ರಹಮತಬಿ ಮಾತ್ರ ಅಲ್ಲಾಡಲಿಲ್ಲ. "ಬಂದ್ಯಾ ಅಕ್ಕಾ? ಒಡ್ಡು ಎಲ್ಲಿಂದ ಒಡೀಬೇಕು ಅಂತ ನೋಡಾಕ ಬಂದಿಯೇನು?" ಎಂದಳು.

"ಯಾಕ ಒಡೀಬಾರದು ಅಂತ ಕೇಳಾಕ ಬಂದೀನಿ."

ರಹಮತಬಿ ನೂಲಿನ ಲಡಿಯನ್ನು ಹಿಂಡಿ ಕಲ್ಲಿನ ಮೇಲಿಟ್ಟಳು. "ಇಷ್ಟು ವರ್ಷ ಆ ಅಡಿವೆಪ್ಪಣ್ಣ ನಿನಗ ಬಣ್ಣದ್ದಷ್ಟ ಹೇಳ್ಯಾನ, ಹೌದಿಲ್ಲೊ? ಗಂಡಸ್ರಿಗೆ ಕಡಾಯಿ ಅಷ್ಟ ಕಾಣತೈತಿ. ಮನಿಗೆ ನೀರು ತರಾವ್ರು ಯಾರು? ಒಡ್ಡು ಇರೂದಕ್ಕ ನಮ್ಮ ಓಣಿ ಬಾವ್ಯಾಗ ಬ್ಯಾಸಗ್ಯಾಗೂ ನೀರದಾವ. ಒಡ್ಡು ಆಗೂದ್ಕಿಂತ ಮದಲ ನಮ್ಮ ಅಜ್ಜಿ ಗುಡ್ಡದ ಆ ಕಡಿಂದ ಹೊತ್ತಾಳ. ಬೆನ್ನು ಬಾಗಿದ್ದು ಸಾಯೂತನಕ ನೆಟ್ಟಗ ಆಗಲಿಲ್ಲ. ನಮ್ಮ ನೀರು ನಿಮಗ ಹೊಲಸು, ಅದು ಖರೇ. ಹೊಲಸು ನೀರು ಸೋಸಬೌದು ಅಕ್ಕಾ. ಇಲ್ಲದ ನೀರು ಹೆಂಗ ಸೋಸೂದು?"

"ಬಾವಿಯನ್ನು ಇನ್ನೂ ಆಳಕ್ಕೆ ತೋಡಬಹುದಲ್ಲ," ಎಂದೆ ನಾನು.

"ಕೆಳಗ ಹಾಸಬಂಡಿ ಐತ್ರಿ ಸರ. ತೋಡಿದವ್ರ ಮೊಮ್ಮಗಳು ನಾನು."

ತೋಡಬಹುದೆಂದೇ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ತಂಗೆವ್ವ ಆ ಓಣಿಯ ಬಾವಿಗೆ ಹೋಗಿ, ಕಟ್ಟೆಗೆ ಕೈಯೂರಿ ಒಳಗೆ ನೋಡಿದಳು, ತುಂಬ ಹೊತ್ತು. ಅಂದು ಅವಳ ಕೈಯಲ್ಲಿ ರೊಟ್ಟಿ ಸೀದಿತು. ಒಲೆಯ ಮುಂದಿನ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನ ಅಡಿವೆಪ್ಪನನ್ನು ಕೂರಿಸಿಕೊಂಡು ಅವಳು ರಹಮತಬಿಯ ಮಾತನ್ನು ಒಂದೂ ಬಿಡದೆ ಒಪ್ಪಿಸಿದಳು.

"ನೀ ಯಾರ ಕಡೆ ಮಾತಾಡಾಕತ್ತಿ?" ಎಂದ ಅವನು, ಗಾಬರಿಯಾಗಿ.

"ನಿನ್ನ ಕಡೆ! ನೀ ಆಡಬೇಕಾದ್ದನ್ನ ನಾ ಆಡಾಕತ್ತೀನಿ. ಕೇಳಿಕೊಂಡು ಕಲಿ. ಇಷ್ಟು ವರ್ಷ ಹಿರಿಯರ ಆಸ್ತಿ, ಊರಿನ ಬೆನ್ನೆಲುಬು ಅಂತ ಒದರಿದಿ, ನಿಮ್ಮ ಹೆಣ್ಣುಮಕ್ಕಳ ಬೆನ್ನಿಂದು ಒಮ್ಮೆರ ಹೇಳಿದಿಯೇನು?"

"ಬೆನ್ನು ಹೌದು. ಆದ್ರ ನಿಮ್ಮ ಬಾವ್ಯಾಗ ವಿಷ ಇಳಿಯೂದು? ನಿಮ್ಮ ಕೂಸುಗಳು ಕುಡಿಯೂದು? ಅದಕ್ಕಿಂತ ದೊಡ್ಡದೇನು ಅದು?"

"ನಮ್ಮ ಕೂಸಿನ ಹೊಟ್ಟಿಗೆ ಅವರ ಕೂಸಿನ ಬೆನ್ನು ಮುರೀಬೇಕೇನು?"

"ಒಡೀಬೇಕು ತಂಗೆವ್ವ. ಒಡೀದ ಗತಿಯಿಲ್ಲ."

"ಇರಬೇಕು ಅಡಿವೆಪ್ಪಣ್ಣ!"

ಇಬ್ಬರೂ ಏದುಸಿರು ಬಿಡುತ್ತ ನಿಂತರು. ಆಮೇಲೆ ಇಬ್ಬರಿಗೂ ತಾವು ಏನಂದೆವೆಂದು ಗೊತ್ತಾಗಿ, ಅಡಿವೆಪ್ಪ ನಕ್ಕ. ತಂಗೆವ್ವ ನಗಲಿಲ್ಲ. ಮೂರು ದಿನ ನಾನು ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಇದ್ದಲ್ಲೇ ಇತ್ತು. ನೆಲ ಮತ್ತೆ ಇಳಿದಿರಲಿಲ್ಲ. ಅಡಿವೆಪ್ಪ ಒಳಗೊಳಗೇ ತನ್ನ ಹಳೆಯ ಕಡೆಗೆ ಮರಳಿದನೋ, ಅಥವಾ ತಂಗೆವ್ವನೇ ನಿಜವಾಗಿ ತಿರುಗಿದಳೋ, ಅಳತೆಯಿಂದ ತಿಳಿಯುವಂತಿರಲಿಲ್ಲ. ಅವನು ಮರಳಿದ್ದರೆ ಶನಿವಾರ ಮನೆ ಹೋದಂತೆಯೇ, ಏಕೆಂದರೆ ಆ ಸಭೆಗೆ ಅವನು ಕಾಲಿಡುವಂತಿರಲಿಲ್ಲ. ತಂಗೆವ್ವ ಅವನ ಮೇಲಿನ ಮಮತೆಗಾಗಿ ವಾದಿಸಿದ್ದರೆ ಆ ಮಮತೆಯನ್ನು ನೆಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಶನಿವಾರ ಖಾನಾವಳಿಯ ಬೆಂಚುಗಳನ್ನು ಹೊರಗೆ ಸಾಗಿಸಿದರು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಗಂಡಸರು ಆಗಲೇ ಧೋತರ ಎತ್ತಿ ಕಟ್ಟಿದ್ದರು, ತಾಯಂದಿರು ಮಕ್ಕಳನ್ನು ಹೆಗಲಿಗೇರಿಸಿಕೊಂಡಿದ್ದರು. ವಿರುಪಾಕ್ಷಿ ಹತ್ತು ನಿಮಿಷ ಚೆನ್ನಾಗಿ ಮಾತಾಡಿ, ಕೈ ಎತ್ತಿ, "ಒಡ್ಡು?" ಎಂದು ಕೂಗಿದ. "ಒಡೀಬೇಕು!" ಎಂದು ಮನೆ ಗುಡುಗಿತು. ನಾನೂ ಕೂಗಿದೆ. ಎಲ್ಲರೂ ತಮ್ಮ ಕಾಲು ನೋಡಿಕೊಂಡರು.

ನೆಲ ಇದ್ದಲ್ಲೇ ಇತ್ತು.

ಮತ್ತೆ ಕೂಗಿದರು. ಇನ್ನೂ ಜೋರಾಗಿ ಕೂಗಿದರು. ಮಕ್ಕಳು ಹೆಗಲ ಮೇಲಿಂದ ಇಳಿಯುತ್ತೇವೆಂದು ಅತ್ತವು. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಒಳಗ ಯಾರೋ ಒಡ್ಡಿನವ್ರು ಅದಾರ," ಎಂದ ವಿರುಪಾಕ್ಷಿ. ಹುಡುಗರು ಹುಡುಕತೊಡಗಿದರು. ಅಟ್ಟ ಹತ್ತಿ ನೋಡಿದರು, ಹಿತ್ತಲು ನೋಡಿದರು, ಒಬ್ಬ ಜೋಳದ ಕಣಜದ ಮುಚ್ಚಳ ತೆಗೆದು ಇಣುಕಿದ. ತಂಗೆವ್ವ ಒಲೆಯ ಮುಂದಿನಿಂದ ಎದ್ದು, ಕೈಯ ಹಿಟ್ಟು ಕೊಡವಿಕೊಳ್ಳುತ್ತ ನಡುವೆ ಬಂದಳು.

"ಕಣಜ ಮುಚ್ಚೋ, ಹುಳ ಬೀಳ್ತಾವು. ಹುಡುಕಬ್ಯಾಡ್ರಿ. ನಾನ."

ಅವಳು ಬಣ್ಣದ ಓಣಿಯ ಬಾವಿಯ ಕಟ್ಟೆಗೆ ಕೈಯೂರಿ ನೋಡಿದ್ದನ್ನು ಹೇಳಿದಳು. ರಹಮತಬಿಯ ಅಜ್ಜಿಯನ್ನು ಹೇಳಿದಳು, ಹಾಸಬಂಡೆಯನ್ನು ಹೇಳಿದಳು. "ನಮ್ಮ ಬಾವಿ ಕೆಟ್ಟೇತಿ, ಅದು ಖರೇ, ಅದನ್ನ ನಾನ ನಿಮಗೆಲ್ಲಾ ಹೇಳಿಕೊಟ್ಟಾಕಿ. ಅವರ ಬಾವಿ ಬತ್ತತೈತಿ, ಅದೂ ಖರೇ. ಒಡೀಬೇಕು ಅಂತ ಬಾಯಿ ತಗದ್ರ ಈಗ ನನಗ ದನಿ ಬರವಲ್ದು. ನಾ ಏನು ಮಾಡ್ಲಿ?"

"ಆ ಬಣ್ಣದವ ನಿನ್ನ ತಲಿ ಕೆಡಿಸ್ಯಾನ!" ಎಂದ ವಿರುಪಾಕ್ಷಿ. ಅವನ ಕಣ್ಣಲ್ಲಿ ನೀರಿತ್ತು. "ಹಿತ್ತಲ ಬಾಗಲಲೆ ಬರ್ತಾನ. ನನಗ ಗೊತ್ತಿಲ್ಲಂತ ತಿಳದಿಯೇನು?"

ಒಂದೇ ಒಂದು ಮಾತು ಸಾಕಿತ್ತು. ಅವನು ಈಗ ನಿಮ್ಮ ಕಡೆಯವನು ಎಂದು ಅವಳು ಅಂದುಬಿಟ್ಟಿದ್ದರೆ ಆ ಸಿಟ್ಟೆಲ್ಲ ಅಡಿವೆಪ್ಪನ ಓಣಿಯ ಕಡೆ ಮೆರವಣಿಗೆಯಾಗಿ ಹೊರಡುತ್ತಿತ್ತು, ಅವಳು ಉಳಿದುಕೊಳ್ಳುತ್ತಿದ್ದಳು. ತಂಗೆವ್ವ ಅಂದದ್ದು ಇಷ್ಟು: "ಅವ ಏನು ಹೇಳ್ತಾನ ಅನ್ನೂದನ್ನ ಅವನ್ನ ಕೇಳು. ನಾ ಏನು ಹೇಳ್ತೀನಿ ಅನ್ನೂದನ್ನ ನನ್ನ ಕೇಳು."

"ಹೊರಗ ಹಾಕ್ರಿ ಆಕಿನ್ನ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಎಲ್ಲಿಗೆ ಹಾಕ್ತೀರಿ? ಇದು ನನ್ನ ಮನಿ," ಎಂದಳು ಅವಳು.

ಯಾರೋ ಕಿಸಕ್ಕೆಂದು ನಕ್ಕರು. ನಕ್ಕವರ ಮೇಲೆ ಇನ್ನೊಬ್ಬರು ರೇಗಿದರು. ಪೇಟೆಯ ಬಯಲಿಗೆ ಹೋಗೋಣ, ಅಲ್ಲಿ ಇಳಿಯೋಣ ಎಂದು ಜನ ಗುಂಪುಗುಂಪಾಗಿ ಹೊರಟರು. ಇನ್ನು ಮೇಲೆ ಈ ಮನೆಯ ಅನ್ನ ಮುಟ್ಟುವುದಿಲ್ಲವೆಂದು ಕೆಲವರು ಹೊಸ್ತಿಲಲ್ಲಿ ನಿಂತು ಹೇಳಿ ಹೋದರು. ಒಲೆಯ ಮುಂದಿನ ಹೆಣ್ಣುಮಕ್ಕಳು ಬಡಿದ ರೊಟ್ಟಿಯ ರಾಶಿಯನ್ನು ನೋಡುತ್ತ ಕೂತರು. ತಂಗೆವ್ವ ಖಾಲಿ ಜಾಗದ ನಡುವೆ ನಿಂತಿದ್ದಳು.

ವಿರುಪಾಕ್ಷಿ ಎಲ್ಲರ ಹಿಂದೆ ಹೊರಟಿದ್ದ. ಮೆಟ್ಟಿಲು ಇಳಿದವನು ತಟ್ಟನೆ ತಿರುಗಿದ.

"ಹಾಸಬಂಡಿ ಎಷ್ಟು ದಪ್ಪ ಐತಿ ಅಂತ ಯಾರರ ನೋಡ್ಯಾರೇನು? ಮದ್ದು ಹಾಕಿ ಸಿಡಿಸಾಕ ಬರೂದಿಲ್ಲೇನು?"

"ಸಿಡಿಸಿದ ಮ್ಯಾಲ ಅಲ್ಲಿ ನೀರು ಐತಿ ಅಂತ ನಿನಗ ಯಾರು ಹೇಳಿದ್ರು?"

"ಇಲ್ಲ ಅಂತ ನಿನಗ ಯಾರು ಹೇಳಿದ್ರು?" ಅವನು ಒಂದು ಮೆಟ್ಟಿಲು ಹತ್ತಿದ.

ಬೀದಿಯಿಂದ ಹುಡುಗರು ಅವನನ್ನು ಕರೆದರು. ಅವನು ಕೈ ಬೀಸಿ, ನಡೀರಿ ಬಂದೆ ಎಂದ. ಒಳಗೆ ಬಂದು, ಬೆಂಚಿಲ್ಲದ್ದರಿಂದ ನೆಲದ ಮೇಲೇ ಧಡಕ್ಕನೆ ಕೂತ. ತಂಗೆವ್ವ ತಟ್ಟೆ ತಂದು ಅವನ ಮುಂದಿಟ್ಟಳು.

"ನಾ ಉಣ್ಣಾಕ ಬಂದಿಲ್ಲ. ನೀ ಹೇಳೂದು ಪೂರಾ ತಪ್ಪು ಚಿಗವ್ವ, ಬುಡದಿಂದನ ತಪ್ಪು."

"ಇದ್ದೀತು," ಎಂದಳು ತಂಗೆವ್ವ, ಅವನೆದುರು ಕೂರುತ್ತ. "ಎಲ್ಲಿ ತಪ್ಪೇತಿ ಅಂತ ಒಂದೊಂದ ತೋರಸು. ಇವತ್ತ ಮುಗೀಲಿಲ್ಲಂದ್ರ ನಾಳೆನೂ ಬಾ. ಸಿಟ್ಟಿಲೆ ಬಾ, ಅಡ್ಡಿಯಿಲ್ಲ. ಖರೇನ ಸಿಟ್ಟಿರಬೇಕು, ಅಷ್ಟ."